ಫ್ರಾಂಚೈಸಿ ವಿವಾದ: ನ್ಯಾಯಾಲಯಕ್ಕೆ ಹೋಗುವ ಮುನ್ನ
ಪ್ರಥಮ ಪಿಯು ವ್ಯವಹಾರ ಅಧ್ಯಯನಕ್ಕೆ ಎರಡು ಅವಧಿಗಳ ಪಾಠ ಮತ್ತು ಬೋಧನಾ ಟಿಪ್ಪಣಿ

ಪ್ರಥಮ ಪಿಯು ವ್ಯವಹಾರ ಅಧ್ಯಯನದ ‘ಅಂತರರಾಷ್ಟ್ರೀಯ ವ್ಯವಹಾರ’ ಅಧ್ಯಾಯದಲ್ಲಿ ಪರವಾನಗಿ ಮತ್ತು ಫ್ರಾಂಚೈಸಿಂಗ್ ಕುರಿತ ಒಂದು ಚಿಕ್ಕ ಭಾಗವಿದೆ. ಅರ್ಥ, ಅನುಕೂಲ, ಮಿತಿ ಎಂದು ಮೂರು ಶೀರ್ಷಿಕೆಗಳಲ್ಲಿ ಬರೆಸಿ ಮುಂದಿನ ಭಾಗಕ್ಕೆ ಹೋಗುವುದು ರೂಢಿ. ಪರೀಕ್ಷೆಯ ದೃಷ್ಟಿಯಿಂದ ಅಷ್ಟು ಸಾಕು. ಆದರೆ ಇಂದು ಫ್ರಾಂಚೈಸಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದವರೆಗೂ ಬಂದಿದೆ. ಐಸ್‌ಕ್ರೀಂ, ಚಹಾ, ಔಷಧ, ಕೊರಿಯರ್, ಮಕ್ಕಳ ಶಾಲೆ ಹೀಗೆ ಹಲವು ಮಳಿಗೆಗಳ ಬೋರ್ಡಿನ ಮೇಲಿರುವ ಹೆಸರು ಒಬ್ಬರದು, ಒಳಗೆ ಕುಳಿತವರ ದುಡ್ಡು ಇನ್ನೊಬ್ಬರದು. ನಮ್ಮ ವಿದ್ಯಾರ್ಥಿಗಳ ಮನೆಯವರೇ ಚೀಟಿಯ ಹಣ, ಚಿನ್ನದ ಸಾಲ ಸೇರಿಸಿ ಇಂಥ ಒಪ್ಪಂದಕ್ಕೆ ಸಹಿ ಹಾಕುತ್ತಿರುವ ಕಾಲ ಇದು. ಸಂಬಂಧ ಕೆಟ್ಟಾಗ ಏನು ಮಾಡಬೇಕೆಂಬುದು ಪಠ್ಯದಲ್ಲಿಲ್ಲ. ಆ ಕೊರತೆಯನ್ನು ತುಂಬಲು ಎರಡು ಅವಧಿಗಳ ಪೂರಕ ಪಾಠವೊಂದನ್ನು ಇಲ್ಲಿ ವಿವರಿಸಿದೆ. ವಾಣಿಜ್ಯ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳು ಇದನ್ನು ತಮ್ಮ ಅಭ್ಯಾಸ ಬೋಧನೆಯಲ್ಲಿ ಬಳಸಬಹುದು.

ಈ ಪಾಠದ ತಿರುಳು ಒಂದೇ. ನಮ್ಮಲ್ಲಿ ‘ರಾಜಿ’ ಎಂಬ ಮಾತಿಗೆ ಸೋಲಿನ ವಾಸನೆ ಅಂಟಿಕೊಂಡಿದೆ. ರಾಜಿಯಾದವನು ಬಿಟ್ಟುಕೊಟ್ಟವನು ಎಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಒಳ್ಳೆಯ ರಾಜಿ ಎಂದರೆ ಲೆಕ್ಕ ಹಾಕಿ ಒಪ್ಪುವುದು ಎಂಬುದನ್ನು ಅವರು ತಮ್ಮ ಕೈಯಾರೆ ಲೆಕ್ಕ ಮಾಡಿ ಕಂಡುಕೊಳ್ಳಬೇಕು.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು
1. ಫ್ರಾಂಚೈಸಿ ಒಪ್ಪಂದದಲ್ಲಿ ವಿವಾದ ಹುಟ್ಟುವ ಸಾಮಾನ್ಯ ಜಾಗಗಳನ್ನು ಗುರುತಿಸುವರು;
2. ಒಂದು ಪಕ್ಷದ ಬೇಡಿಕೆಯನ್ನೂ ಅದರ ಹಿಂದಿರುವ ಅಗತ್ಯವನ್ನೂ ಬೇರ್ಪಡಿಸಿ ಬರೆಯುವರು;
3. ದಾವೆಗೆ ಮುಂಚಿನ ಮಧ್ಯಸ್ಥಿಕೆಯ ಹಂತಗಳನ್ನು ಕ್ರಮವಾಗಿ ಹೇಳುವರು;
4. ಒಂದು ರಾಜಿ ಪ್ರಸ್ತಾವವನ್ನು ಅಂಕಿಗಳಿಂದ ಪರಿಶೀಲಿಸಿ, ಅದು ಬಾಳುತ್ತದೆಯೇ ಎಂದು ತೀರ್ಮಾನಿಸುವರು.

ಪೂರ್ವಜ್ಞಾನ: ಫ್ರಾಂಚೈಸಿಂಗ್‌ನ ಅರ್ಥ, ರಾಯಲ್ಟಿ, ಒಪ್ಪಂದದ ಮೂಲ ಕಲ್ಪನೆ, ಶೇಕಡಾವಾರು ಲೆಕ್ಕ.

ಉಪಕರಣಗಳು: ಪ್ರಕರಣದ ಹಾಳೆ, ಎರಡು ಬಗೆಯ ಗುಟ್ಟಿನ ಚೀಟಿಗಳು, ಪಟ್ಟಣದ ಕೈನಕ್ಷೆ, ಅಳತೆಪಟ್ಟಿ, ಕಪ್ಪುಹಲಗೆ.

ಶಿಕ್ಷಕರು ಮೊದಲು ತಿಳಿದಿರಬೇಕಾದ ವಿಷಯ

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಮೊದಲಾದ ಸಾಮಾನ್ಯ ಕಾನೂನುಗಳೇ ಇದಕ್ಕೂ ಅನ್ವಯಿಸುತ್ತವೆ. ಆದ್ದರಿಂದ ಇಬ್ಬರ ನಡುವೆ ಏನು ಬರೆದುಕೊಂಡಿದ್ದಾರೆ ಎಂಬುದಕ್ಕೇ ಹೆಚ್ಚಿನ ತೂಕ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ‘ವಾಣಿಜ್ಯ ವಿವಾದ’ ಎಂದರೇನು ಎಂದು ಪಟ್ಟಿ ಮಾಡುವಾಗ ಫ್ರಾಂಚೈಸಿ ಒಪ್ಪಂದಗಳನ್ನು ಹೆಸರಿಸಿಯೇ ಹೇಳಿದೆ. 2018ರ ತಿದ್ದುಪಡಿ ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. ಮೊದಲನೆಯದು, ಈ ಕಾಯ್ದೆಯಡಿ ಬರಲು ಇರಬೇಕಾದ ಕನಿಷ್ಠ ಮೌಲ್ಯ 1 ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿಯಿತು. ಇದರಿಂದ ಸಣ್ಣ ಮಳಿಗೆಯ ವಿವಾದವೂ ಇದರೊಳಗೆ ಬಂತು. ಎರಡನೆಯದು, ಸೆಕ್ಷನ್ 12ಎ ಸೇರಿತು. ತುರ್ತು ಮಧ್ಯಂತರ ಪರಿಹಾರ ಬೇಕಿಲ್ಲದ ವಾಣಿಜ್ಯ ವಿವಾದದಲ್ಲಿ ದಾವೆ ಹೂಡುವ ಮುನ್ನ ಮಧ್ಯಸ್ಥಿಕೆಗೆ ಪ್ರಯತ್ನಿಸಲೇಬೇಕು ಎಂಬುದು ಅದರ ಸಾರ. ಇದು ಬರೀ ಸಲಹೆಯೋ ಕಡ್ಡಾಯವೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ 2022ರ ಆಗಸ್ಟ್ 17ರಂದು ಉತ್ತರ ಕೊಟ್ಟಿತು: ಕಡ್ಡಾಯ. ಈ ಹಂತವನ್ನು ದಾಟದೆ ಬಂದ ದಾವೆಯನ್ನು ತಿರಸ್ಕರಿಸಬೇಕು ಎಂದಿತು. ತುರ್ತು ಪರಿಹಾರ ಕೇಳಿದ್ದೇವೆ ಎಂಬ ನೆಪವನ್ನು ಮುಂದಿಟ್ಟು ಈ ಹಂತವನ್ನು ತಪ್ಪಿಸಿಕೊಳ್ಳುವಂತಿಲ್ಲ ಎಂದು 2023ರ ಯಾಮಿನಿ ಮನೋಹರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ನಡೆಯುವ ಕ್ರಮ ಹೀಗಿದೆ. ದಾವೆ ಹೂಡಬೇಕೆಂದಿರುವವರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಿಗದಿತ ನಮೂನೆಯಲ್ಲಿ ಅರ್ಜಿ ಕೊಡುತ್ತಾರೆ. 2018ರ ನಿಯಮಗಳಲ್ಲಿ ಇದಕ್ಕೆ ಶುಲ್ಕ 1,000 ರೂಪಾಯಿ. ಪ್ರಾಧಿಕಾರವು ಎದುರು ಪಕ್ಷಕ್ಕೆ ನೋಟಿಸ್ ಕಳಿಸುತ್ತದೆ. ಅವರು ಬರದಿದ್ದರೆ, ಅಥವಾ ಬಂದು ಒಲ್ಲೆ ಎಂದರೆ, ಮಧ್ಯಸ್ಥಿಕೆ ಆರಂಭವಾಗಲಿಲ್ಲ ಎಂಬ ವರದಿ ಸಿಗುತ್ತದೆ. ಆಗ ನ್ಯಾಯಾಲಯದ ದಾರಿ ತೆರೆದಿರುತ್ತದೆ. ಅವರು ಒಪ್ಪಿದರೆ ಮಧ್ಯಸ್ಥಗಾರರ ನೇಮಕವಾಗುತ್ತದೆ. 3 ಲಕ್ಷದಿಂದ 10 ಲಕ್ಷ ರೂಪಾಯಿವರೆಗಿನ ವಿವಾದಕ್ಕೆ ಮಧ್ಯಸ್ಥಿಕೆ ಶುಲ್ಕ 15,000 ರೂಪಾಯಿ. ಇಬ್ಬರೂ ಸಮನಾಗಿ ಭರಿಸಬೇಕು. ಅರ್ಜಿ ಕೊಟ್ಟ ದಿನದಿಂದ 3 ತಿಂಗಳಲ್ಲಿ ಮುಗಿಯಬೇಕು. ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು ಮುಂದುವರಿಸಬಹುದು. ಈ ಅವಧಿಯನ್ನು ದಾವೆಯ ಕಾಲಮಿತಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳಗೆ ಆಡಿದ ಮಾತು ಗೋಪ್ಯ. ಆದ ಒಪ್ಪಂದಕ್ಕೆ ಆರ್ಬಿಟ್ರೇಷನ್ ಕಾಯ್ದೆಯಡಿ ಪಕ್ಷಗಾರರ ಒಪ್ಪಿಗೆಯಿಂದ ಹೊರಬಿದ್ದ ತೀರ್ಪಿನಷ್ಟೇ ಬಲವಿದೆ.

ಇಲ್ಲಿ ಒಂದು ಪದದ ತೊಡಕು ಇದೆ. ಪತ್ರಿಕೆಗಳು ಮೀಡಿಯೇಷನ್ನಿಗೂ ಆರ್ಬಿಟ್ರೇಷನ್ನಿಗೂ ‘ಮಧ್ಯಸ್ಥಿಕೆ’ ಎಂದೇ ಬರೆಯುವುದುಂಟು. ತರಗತಿಯಲ್ಲಿ ವ್ಯತ್ಯಾಸವನ್ನು ಹೀಗೆ ಹೇಳಿದರೆ ನಿಲ್ಲುತ್ತದೆ: ಊರ ಪಂಚಾಯಿತಿ ಕಟ್ಟೆಯಲ್ಲಿ ಹಿರಿಯರು ಇಬ್ಬರ ಮಾತನ್ನೂ ಕೇಳಿ ತಾವೇ ತೀರ್ಮಾನ ಹೇಳುತ್ತಾರೆ, ಆರ್ಬಿಟ್ರೇಷನ್ ಇದಕ್ಕೆ ಹತ್ತಿರ. ಮೀಡಿಯೇಷನ್ ನಡೆಸುವವರು ತೀರ್ಮಾನ ಹೇಳುವುದಿಲ್ಲ, ಮಾತು ಮುರಿಯದಂತೆ ನೋಡಿಕೊಳ್ಳುತ್ತಾರೆ, ತೀರ್ಮಾನ ಪಕ್ಷಗಾರರದೇ. ಈ ಲೇಖನದಲ್ಲಿ ‘ಮಧ್ಯಸ್ಥಿಕೆ’ ಎಂದರೆ ಎರಡನೆಯದು ಮಾತ್ರ. ಹಾಗೆಯೇ ‘ಫ್ರಾಂಚೈಸಿ’ ಎಂಬ ಪದವನ್ನು ವ್ಯವಸ್ಥೆಗೂ ಅದನ್ನು ಪಡೆದವರಿಗೂ ಜನ ಬಳಸುವುದರಿಂದ, ಪಾಠದಲ್ಲಿ ಹೆಸರು ಕೊಟ್ಟವರನ್ನು ‘ಕಂಪನಿ’ ಎಂದೂ ಪಡೆದವರನ್ನು ‘ಮಳಿಗೆಯವರು’ ಎಂದೂ ಕರೆಯುವುದು ಒಳ್ಳೆಯದು.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ (10 ನಿಮಿಷ)

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಹಲಗೆಯ ಮೇಲೆ ಬರೆದು, ಗೆದ್ದವನು ಸೋತದ್ದು ಹೇಗೆ ಎಂದು ಕೇಳಿ. ಖರ್ಚು, ಅಲೆದಾಟ, ವರ್ಷಗಳು ಎಂಬ ಉತ್ತರಗಳು ಬರುತ್ತವೆ. ಫ್ರಾಂಚೈಸಿಯಲ್ಲಿ ಇನ್ನೂ ಒಂದು ನಷ್ಟವಿದೆ: ಗೆದ್ದ ಮೇಲೂ ಅದೇ ಕಂಪನಿಯಿಂದ ಸರಕು ತರಿಸಬೇಕು, ಅದೇ ಹೆಸರಿನ ಬೋರ್ಡಿನ ಕೆಳಗೆ ಕೂರಬೇಕು. ಈ ಅಂಶ ಬರುವವರೆಗೆ ಪ್ರಶ್ನೆಗಳನ್ನು ಮುಂದುವರಿಸಿ. ನ್ಯಾಯಾಲಯ ಕೆಟ್ಟದ್ದು ಎಂಬ ಭಾವನೆ ಮಾತ್ರ ಉಳಿಯಬಾರದು. ಮಾತುಕತೆಯ ಹಂತವನ್ನು ಕಡ್ಡಾಯ ಮಾಡಿದ್ದೂ ಕಾನೂನೇ, ಅದು ಮುರಿದರೆ ಕಾಯುವುದೂ ನ್ಯಾಯಾಲಯವೇ ಎಂದು ಆಗಲೇ ಹೇಳಿಬಿಡಿ.

ಅನ್ವೇಷಣೆ (30 ನಿಮಿಷ)

ಆರು ಜನರ ಗುಂಪುಗಳನ್ನು ಮಾಡಿ ಪ್ರಕರಣದ ಹಾಳೆ ಕೊಡಿ. ಪ್ರಕರಣ ಕಲ್ಪಿತ ಎಂದು ಮೊದಲೇ ತಿಳಿಸಿ.

ಪ್ರಕರಣ: ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರು ಒಬ್ಬ ಮಹಿಳೆ ಐಸ್‌ಕ್ರೀಂ ಕಂಪನಿಯೊಂದರ ಫ್ರಾಂಚೈಸಿ ಪಡೆದು ಮಳಿಗೆ ನಡೆಸುತ್ತಿದ್ದಾರೆ. ಒಪ್ಪಂದ 5 ವರ್ಷದ್ದು. ಪ್ರವೇಶ ಶುಲ್ಕ 4,00,000 ರೂ.; ಅದು ಮರಳುವುದಿಲ್ಲ ಎಂದು ಒಪ್ಪಂದದಲ್ಲಿದೆ. ಒಳಾಂಗಣ ಮತ್ತು ಫ್ರೀಜರ್‌ಗೆ 7,00,000 ರೂ. ಖರ್ಚಾಗಿದೆ. ತಿಂಗಳ ಮಾರಾಟದ ಶೇ 6ರಷ್ಟು ರಾಯಲ್ಟಿ. ಸರಕನ್ನು ಕಂಪನಿಯಿಂದಲೇ ಕೊಳ್ಳಬೇಕು. ‘2 ಕಿ.ಮೀ. ವ್ಯಾಪ್ತಿಯಲ್ಲಿ ಇನ್ನೊಂದು ಮಳಿಗೆ ತೆರೆಯುವುದಿಲ್ಲ’ ಎಂದು ಕಂಪನಿ ಬರೆದುಕೊಟ್ಟಿದೆ. 18 ತಿಂಗಳು ಕಳೆದ ಮೇಲೆ ಊರಿನ ಇನ್ನೊಂದು ಬದಿಯಲ್ಲಿ ಎರಡನೆಯ ಮಳಿಗೆ ತೆರೆಯಿತು. ಅಲ್ಲಿಗೆ ರಸ್ತೆಯಲ್ಲಿ 2.4 ಕಿ.ಮೀ.; ನೇರ ಗೆರೆ ಎಳೆದರೆ 1.6 ಕಿ.ಮೀ. ಮೊದಲ ಮಳಿಗೆಯ ಮಾರಾಟ ತಿಂಗಳಿಗೆ 3,00,000ದಿಂದ 2,10,000 ರೂಪಾಯಿಗೆ ಇಳಿಯಿತು. ಮಳಿಗೆಯವರು 4 ತಿಂಗಳಿಂದ ರಾಯಲ್ಟಿ ಕಟ್ಟಿಲ್ಲ. ಒಂದಷ್ಟು ಸರಕನ್ನು ಸ್ಥಳೀಯ ವ್ಯಾಪಾರಿಯಿಂದ ತಂದಿದ್ದಾರೆ. 30 ದಿನಗಳಲ್ಲಿ ಬಾಕಿ ಕಟ್ಟದಿದ್ದರೆ ಒಪ್ಪಂದ ರದ್ದು ಎಂದು ಕಂಪನಿ ನೋಟಿಸ್ ಕೊಟ್ಟಿದೆ. ಪ್ರವೇಶ ಶುಲ್ಕವೆಲ್ಲ ಮರಳಬೇಕು, ನಷ್ಟವನ್ನೂ ಕೊಡಬೇಕು ಎಂದು ಮಳಿಗೆಯವರು ಕೇಳುತ್ತಿದ್ದಾರೆ.

ಮೊದಲ ಕೆಲಸ ನಕ್ಷೆಯ ಮೇಲೆ. ಎರಡು ಮಳಿಗೆಗಳ ನಡುವಿನ ದೂರವನ್ನು ವಿದ್ಯಾರ್ಥಿಗಳು ಎರಡೂ ಬಗೆಯಲ್ಲಿ ಅಳೆಯಲಿ. ಕಂಪನಿ ರಸ್ತೆ ಅಳೆದಿದೆ, ಮಳಿಗೆಯವರು ಗೆರೆ ಎಳೆದಿದ್ದಾರೆ, ಒಪ್ಪಂದ ಎರಡನ್ನೂ ಹೇಳಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೂ ಜಗಳವಿದೆ. ಫ್ರಾಂಚೈಸಿ ವಿವಾದಗಳಲ್ಲಿ ಹಲವು ಹೀಗೇ ಹುಟ್ಟುತ್ತವೆ: ವ್ಯಾಪ್ತಿ, ರಾಯಲ್ಟಿಯ ಲೆಕ್ಕ, ಸರಕಿನ ಮೂಲ, ಜಾಹೀರಾತಿನ ಪಾಲು, ಅವಧಿ ಮುಗಿದಾಗಿನ ನವೀಕರಣ.

ಎರಡನೆಯ ಕೆಲಸ ಲೆಕ್ಕ. ಮಾರಾಟದ ಪ್ರತಿ 100 ರೂಪಾಯಿಯಲ್ಲಿ ಸರಕಿನ ವೆಚ್ಚ ಮತ್ತು ರಾಯಲ್ಟಿ ಕಳೆದರೆ 30 ರೂಪಾಯಿ ಉಳಿಯುತ್ತದೆ ಎಂದು ತಿಳಿಸಿ. ಬಾಡಿಗೆ, ಸಂಬಳ, ವಿದ್ಯುತ್ ಸೇರಿ ತಿಂಗಳಿಗೆ 58,000 ರೂ. ಚಿನ್ನದ ಸಾಲದ ಕಂತು 12,000 ರೂ. ಗುಂಪುಗಳು ಈ ಕೆಳಗಿನವನ್ನು ಕಂಡುಹಿಡಿಯಲಿ.

ರಾಯಲ್ಟಿ ಬಾಕಿ: 2,10,000ದ ಶೇ 6 ಎಂದರೆ 12,600, 4 ತಿಂಗಳಿಗೆ 50,400 ರೂ.
ಮಳಿಗೆಯವರ ನಿಜವಾದ ನಷ್ಟ: ಮಾರಾಟ ಕುಸಿದದ್ದು 90,000, ಅದರ ಶೇ 30 ಎಂದರೆ 27,000, 4 ತಿಂಗಳಿಗೆ 1,08,000 ರೂ.
ಮೊದಲು ಮನೆಗೆ ಉಳಿಯುತ್ತಿದ್ದದ್ದು: 90,000 – 58,000 – 12,000 = 20,000 ರೂ.
ಈಗ: 63,000 – 58,000 = 5,000 ರೂ. ಸಾಲದ ಕಂತಿಗೇ 7,000 ರೂ. ಕಡಿಮೆ.

ಕುಸಿದ ಮಾರಾಟವನ್ನೇ ನಷ್ಟ ಎಂದು 3,60,000 ರೂಪಾಯಿ ಬರೆಯುವ ಗುಂಪು ಇದ್ದೇ ಇರುತ್ತದೆ. ಮಾರದ ಐಸ್‌ಕ್ರೀಂಗೆ ಸರಕಿನ ಖರ್ಚೂ ಆಗಿಲ್ಲ ಎಂದು ನೆನಪಿಸಿ ಅವರಿಂದಲೇ ತಿದ್ದಿಸಿ. ಉಬ್ಬಿಸಿದ ಅಂಕಿ ಹಿಡಿದು ಮಾತಿಗೆ ಕೂತವರ ಮಾತನ್ನು ಎದುರಿನವರು ನಂಬುವುದಿಲ್ಲ. ಕೊನೆಯ ಸಾಲನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ರಾಯಲ್ಟಿ ನಿಲ್ಲಿಸಿದ್ದು ಒಪ್ಪಂದದ ಪ್ರಕಾರ ತಪ್ಪು. ಏಕೆ ನಿಂತಿತು ಎಂಬುದನ್ನು ಆ 7,000 ರೂಪಾಯಿ ಹೇಳುತ್ತದೆ.

ವಿವರಣೆ (20 ನಿಮಿಷ)

ಆಸ್ಟ್ರೇಲಿಯಾದಲ್ಲಿ 1998ರಿಂದ ಫ್ರಾಂಚೈಸಿಗೆ ಕಡ್ಡಾಯ ನೀತಿಸಂಹಿತೆಯಿದೆ. ಅಲ್ಲಿ ದೂರುವವರು ಮೊದಲು ಎದುರಿನವರಿಗೆ ಬರವಣಿಗೆಯಲ್ಲಿ ಮೂರು ವಿಷಯ ತಿಳಿಸಬೇಕು: ವಿವಾದ ಏನು, ಯಾವ ಫಲ ಬೇಕು, ಯಾವ ಕ್ರಮದಿಂದ ಅದು ಬಗೆಹರಿದೀತು. ಮೂರು ವಾರದಲ್ಲಿ ಬಗೆಹರಿಯದಿದ್ದರೆ ಯಾರಾದರೊಬ್ಬರು ಮಧ್ಯಸ್ಥಗಾರರ ಬಳಿಗೆ ಒಯ್ಯಬಹುದು. ನಮ್ಮ ಕಾನೂನು ಇಂಥ ಪತ್ರವನ್ನು ಕಡ್ಡಾಯ ಮಾಡಿಲ್ಲ, ಬರೆಯಬೇಡಿ ಎಂದೂ ಹೇಳಿಲ್ಲ. ಬರೆಯುವವರ ತಲೆಯನ್ನು ತಿಳಿ ಮಾಡುವ ಗುಣ ಅದಕ್ಕಿರುವುದರಿಂದ ತರಗತಿಗೆ ಅದನ್ನು ಎರವಲು ತರಬಹುದು.

ಪ್ರತಿ ಗುಂಪೂ ಮಳಿಗೆಯವರ ಪರವಾಗಿ ಮೂರು ವಾಕ್ಯಗಳ ಪತ್ರ ಬರೆಯಲಿ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ‘ನೀವು ನಮಗೆ ಮೋಸ ಮಾಡಿದ್ದೀರಿ’ ಎಂಬ ವಾಕ್ಯ ಬರುತ್ತದೆ. ಅದನ್ನು ಅಳಿಸಬೇಡಿ. ಪಕ್ಕದಲ್ಲಿ ಈ ಮಾದರಿ ಬರೆದು ಎರಡನ್ನೂ ಹೋಲಿಸಲು ಹೇಳಿ:

“ನೇರ ಅಳತೆಯಲ್ಲಿ 1.6 ಕಿ.ಮೀ. ದೂರದಲ್ಲಿ ಎರಡನೆಯ ಮಳಿಗೆ ತೆರೆದಿರುವುದರಿಂದ ನನ್ನ ಮಾರಾಟ ತಿಂಗಳಿಗೆ 90,000 ರೂಪಾಯಿ ಇಳಿದಿದೆ. ಮಳಿಗೆ ಮುಂದುವರಿಯಬೇಕು, ಸಾಲದ ಕಂತು ಕಟ್ಟುವಷ್ಟು ಉಳಿಯಬೇಕು ಎಂಬುದು ನನ್ನ ಅಪೇಕ್ಷೆ. ರಾಯಲ್ಟಿ ದರ, ಬಾಕಿಯ ಕಂತು ಮತ್ತು ಮನೆಗೆ ತಲುಪಿಸುವ ಆರ್ಡರುಗಳ ಹಂಚಿಕೆ ಕುರಿತು ಒಟ್ಟಿಗೆ ಕೂತು ಮಾತಾಡಿದರೆ ಇದು ಬಗೆಹರಿಯುತ್ತದೆ. ಅಲ್ಲಿಯವರೆಗೆ ರದ್ದತಿ ನೋಟಿಸನ್ನು ತಡೆಹಿಡಿಯಬೇಕಾಗಿ ಕೋರುತ್ತೇನೆ.”

ಮೊದಲ ಪತ್ರಕ್ಕೆ ಕಂಪನಿ ವಕೀಲರ ಮೂಲಕ ಉತ್ತರ ಕೊಡುತ್ತದೆ. ಎರಡನೆಯ ಪತ್ರಕ್ಕೆ ಪ್ರಾದೇಶಿಕ ವ್ಯವಸ್ಥಾಪಕರೇ ಫೋನ್ ಮಾಡುವ ಸಂಭವವಿದೆ. ಇಷ್ಟು ಹೇಳಿ ಅವಧಿ ಮುಗಿಸಿ.

ಎರಡನೆಯ ಅವಧಿ

ವಿಸ್ತರಣೆ: ಪಾತ್ರಾಭಿನಯ (30 ನಿಮಿಷ)

ಪ್ರತಿ ಗುಂಪಿನಲ್ಲಿ ಇಬ್ಬರು ಮಳಿಗೆಯವರು, ಇಬ್ಬರು ಕಂಪನಿಯವರು, ಒಬ್ಬರು ಮಧ್ಯಸ್ಥಗಾರರು, ಒಬ್ಬರು ವೀಕ್ಷಕರು. ಪಕ್ಷಗಾರರಿಗೆ ಮಾತ್ರ ಗುಟ್ಟಿನ ಚೀಟಿ.

ಮಳಿಗೆಯವರ ಚೀಟಿ: ಕಟ್ಟಡದ ಬಾಡಿಗೆ ಕರಾರು ಇನ್ನೂ 3 ವರ್ಷವಿದೆ. ಹಣ ವಾಪಸ್ ಕೇಳಿದ್ದು ಸಿಟ್ಟಿನಿಂದ. ನಿಜವಾಗಿ ಬೇಕಿರುವುದು ಅಂಗಡಿ ನಡೆಯುವುದು. ಬಾಕಿಯನ್ನು ಒಂದೇ ಸಲ ಕಟ್ಟಲಾಗದು, ಕಂತಿನಲ್ಲಿ ಆಗುತ್ತದೆ. ಸ್ಥಳೀಯವಾಗಿ ತಂದದ್ದು ಕಪ್ಪು, ಚಮಚ ಮಾತ್ರ.

ಕಂಪನಿಯ ಚೀಟಿ: ಬಸ್ ನಿಲ್ದಾಣದ ಎದುರಿನ ಜಾಗ ಕಳೆದುಕೊಳ್ಳಲು ಮನಸ್ಸಿಲ್ಲ. ಒಬ್ಬರು ರಾಯಲ್ಟಿ ನಿಲ್ಲಿಸಿದ್ದನ್ನು ಬಿಟ್ಟರೆ ಉಳಿದವರೂ ನಿಲ್ಲಿಸುತ್ತಾರೆಂಬ ಭಯ. ಹೊರಗಿನ ಐಸ್‌ಕ್ರೀಂ ತಮ್ಮ ಹೆಸರಿನಲ್ಲಿ ಮಾರಾಟವಾಗಿ ಯಾರಿಗಾದರೂ ತೊಂದರೆಯಾದರೆ ಹೆಸರು ಕೆಡುತ್ತದೆ. ಆ ಊರಿನ ಆನ್‌ಲೈನ್ ಆರ್ಡರುಗಳನ್ನು ಯಾವ ಮಳಿಗೆಗೆ ಕಳಿಸಬೇಕೆಂಬುದು ಕಂಪನಿಯ ಕೈಯಲ್ಲಿದೆ.

ಮಧ್ಯಸ್ಥಗಾರರ ಪಾತ್ರ ವಹಿಸುವವರಿಗೆ ಎರಡೇ ಸೂಚನೆ: ಯಾರು ಸರಿ ಎಂದು ಹೇಳಬಾರದು, ಬೇಡಿಕೆ ಬಂದಾಗಲೆಲ್ಲ ಅದು ಏಕೆ ಬೇಕು ಎಂದು ಕೇಳಬೇಕು. ಅಭಿನಯಕ್ಕೆ ಮುನ್ನ ಈ ಚಿಕ್ಕ ಮಾದರಿಯನ್ನು ಇಬ್ಬರಿಂದ ಓದಿಸಬಹುದು.

ಕಂಪನಿ: ಮೇಡಂ, ಮೊದಲು ಬಾಕಿ ಕಟ್ಟಿ. ಆಮೇಲೆ ಉಳಿದ ಮಾತು.
ಮಳಿಗೆ: ಎಲ್ಲಿಂದ ಕಟ್ಟಲಿ ಸಾರ್? ಆ ಕಡೆ ಇನ್ನೊಂದು ಅಂಗಡಿ ತೆರೆದವರು ನೀವೇ ಅಲ್ವಾ?
ಮಧ್ಯಸ್ಥ: ಸರ್, ಬಾಕಿ ಮೊದಲೇ ಬರಬೇಕು ಅಂತೀರಲ್ಲ, ಅದು ಮುಖ್ಯ ಏಕೆ?
ಕಂಪನಿ: ಇವರೊಬ್ಬರ ಪ್ರಶ್ನೆ ಅಲ್ಲ. ಇವರಿಗೆ ಬಿಟ್ಟರೆ ಉಳಿದವರೂ ಕಟ್ಟೋದಿಲ್ಲ.
ಮಧ್ಯಸ್ಥ: ಅಂದರೆ ಬಾಕಿ ಮನ್ನಾ ಆಗಬಾರದು ಅನ್ನೋದು ಮುಖ್ಯ. ಒಂದೇ ಸಲಕ್ಕೆ ಬರಬೇಕು ಅಂತ ಇದೆಯಾ?
ಕಂಪನಿ: ಹಾಗೇನಿಲ್ಲ... ಬರೋದು ಖಾತ್ರಿ ಇದ್ದರೆ ಸಾಕು.

ಒಂದು ‘ಏಕೆ’ ಎಂಬ ಪ್ರಶ್ನೆಯಿಂದ ಬೇಡಿಕೆಯ ಹಿಂದಿನ ಅಗತ್ಯ ಹೊರಬಂದದ್ದನ್ನು ತರಗತಿ ಗುರುತಿಸಲಿ. ಪಾತ್ರಾಭಿನಯದಲ್ಲಿ ಕಂಪನಿಯವರನ್ನು ಖಳರಂತೆ ಆಡಿಸುವ ಉತ್ಸಾಹ ವಿದ್ಯಾರ್ಥಿಗಳಿಗೆ ಇರುತ್ತದೆ. ಅದನ್ನು ತಡೆಯಲು ನಡುವೆ ಒಮ್ಮೆ ಪಾತ್ರ ಬದಲಿಸಿ.

ರಾಜಿಯ ಲೆಕ್ಕ (15 ನಿಮಿಷ)

ಹೆಚ್ಚಿನ ಗುಂಪುಗಳು ಇಂಥ ಒಪ್ಪಂದಕ್ಕೆ ಬರುತ್ತವೆ: ಒಂದು ವರ್ಷ ರಾಯಲ್ಟಿ ಶೇ 4, ಬಾಕಿ 50,400 ರೂಪಾಯಿ 12 ಕಂತುಗಳಲ್ಲಿ, ತಿಂಗಳಿಗೆ 4,200, ಆನ್‌ಲೈನ್ ಆರ್ಡರುಗಳಿಂದ ತಿಂಗಳಿಗೆ 40,000 ರೂಪಾಯಿಯಷ್ಟು ಮಾರಾಟ ಈ ಮಳಿಗೆಗೆ, ಕಪ್ಪು, ಚಮಚ ಹೊರಗೆ ಕೊಳ್ಳಬಹುದು, ಐಸ್‌ಕ್ರೀಂ ಕಂಪನಿಯದೇ, ಇನ್ನು ಮುಂದೆ ದೂರವನ್ನು ನೇರ ಗೆರೆಯಲ್ಲಿ ಅಳೆಯಬೇಕು, ನೋಟಿಸ್ ಹಿಂದಕ್ಕೆ. ಎಲ್ಲರ ಮುಖದಲ್ಲೂ ನಗು ಇರುತ್ತದೆ. ಆಗಲೇ ‘ಇದು ಬಾಳುತ್ತದೆಯೇ, ಲೆಕ್ಕ ಹಾಕಿ’ ಎನ್ನಬೇಕು.

ಮೊದಲ ವರ್ಷ: ಮಾರಾಟ 2,50,000. ರಾಯಲ್ಟಿ ಇಳಿದದ್ದರಿಂದ 100ಕ್ಕೆ 32 ಉಳಿಯುತ್ತದೆ, ಅಂದರೆ 80,000. ಅದರಲ್ಲಿ 58,000, 12,000 ಮತ್ತು 4,200 ಕಳೆದರೆ ಮನೆಗೆ 5,800 ರೂ.
ಹದಿಮೂರನೆಯ ತಿಂಗಳು: ರಾಯಲ್ಟಿ ಮತ್ತೆ ಶೇ 6. ಉಳಿಯುವುದು 75,000. ಅದರಲ್ಲಿ 58,000 ಮತ್ತು 12,000 ಕಳೆದರೆ 5,000 ರೂ.

ಮಳಿಗೆ ಮುಚ್ಚುವುದಿಲ್ಲ, ಕಂತು ತಪ್ಪುವುದಿಲ್ಲ. ಆದರೆ ಮೊದಲು 20,000 ರೂಪಾಯಿ ಬರುತ್ತಿದ್ದ ಮನೆಗೆ 5,000 ಸಾಕೇ? ಈ ಪ್ರಶ್ನೆಗೆ ತರಗತಿ ಉತ್ತರ ಹುಡುಕಲಿ. ಕಡಿಮೆ ದರವನ್ನು ಅವಧಿಯ ಕೊನೆಯವರೆಗೆ ಕೇಳಬಹುದು. ಹೆಚ್ಚಿನ ಆರ್ಡರು ಕೇಳಬಹುದು. ಮರ್ಯಾದೆಯಿಂದ ಬಿಟ್ಟು ಹೊರಡುವುದೂ ಒಂದು ದಾರಿ. ವಿವಾದದ ಹೊತ್ತಿಗೆ 22 ತಿಂಗಳು ಕಳೆದಿವೆ, 60ರಲ್ಲಿ 38 ಉಳಿದಿವೆ. ಪ್ರವೇಶ ಶುಲ್ಕದಲ್ಲಿ ಉಳಿದ ಅವಧಿಯ ಪಾಲು 2,53,333 ರೂ.; ಬಾಕಿ ಕಳೆದರೆ 2,02,933 ರೂ. ಶುಲ್ಕ ಮರಳುವುದಿಲ್ಲ ಎಂದು ಒಪ್ಪಂದದಲ್ಲಿದ್ದರೂ, ಇಬ್ಬರೂ ಒಪ್ಪಿದರೆ ಇಂಥ ಅಂಕಿಯಿಂದ ಮಾತು ಶುರುಮಾಡಬಹುದು. ಫ್ರೀಜರುಗಳನ್ನು ಕಂಪನಿಯೇ ಕೊಳ್ಳಬಹುದು. ಲೆಕ್ಕ ಹಾಕದೆ ಸಹಿ ಹಾಕಿದ ರಾಜಿ ಮತ್ತೊಂದು ವಿವಾದದ ಮೊದಲ ಪುಟ ಎಂಬುದು ವಿದ್ಯಾರ್ಥಿಗಳಿಗೆ ಇಲ್ಲಿ ಮನದಟ್ಟಾಗುತ್ತದೆ.

ನಿಜ ಪ್ರಕರಣದ ಓದು (8 ನಿಮಿಷ)

ಕಲ್ಪಿತ ಮಳಿಗೆಯಿಂದ ನಿಜ ಜಗತ್ತಿಗೆ ಬರಲು ಮೆಕ್‌ಡೊನಾಲ್ಡ್ಸ್ ಮತ್ತು ವಿಕ್ರಮ್ ಬಕ್ಷಿ ಅವರ ವಿವಾದ ಸೂಕ್ತ. 1995ರಲ್ಲಿ ಇಬ್ಬರೂ ಸಮಪಾಲಿನ ಜಂಟಿ ಕಂಪನಿ ಮಾಡಿಕೊಂಡರು. ಉತ್ತರ ಮತ್ತು ಪೂರ್ವ ಭಾರತದ ಮಳಿಗೆಗಳನ್ನು ಅದು ನಡೆಸುತ್ತಿತ್ತು. 2013ರ ಆಗಸ್ಟ್‌ನಲ್ಲಿ ಬಕ್ಷಿ ವ್ಯವಸ್ಥಾಪಕ ನಿರ್ದೇಶಕ ಹುದ್ದೆ ಕಳೆದುಕೊಂಡರು. ವಿವಾದ ಕಂಪನಿ ಕಾನೂನು ಮಂಡಳಿಗೆ ಹೋಯಿತು, ಲಂಡನ್ನಿನ ಆರ್ಬಿಟ್ರೇಷನ್‌ಗೂ ಹೋಯಿತು. 2017ರ ಜೂನ್‌ನಲ್ಲಿ ಪರವಾನಗಿ ನವೀಕರಣವಾಗದೆ ದೆಹಲಿಯ 43 ಮಳಿಗೆಗಳು ತಾತ್ಕಾಲಿಕವಾಗಿ ಮುಚ್ಚಿದವು. ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಬಕ್ಷಿ ಅವರಿಗೆ ಹುದ್ದೆ ಮರಳಿ ಕೊಡಿಸಿತು. ಆಗಸ್ಟ್‌ನಲ್ಲಿ ಮೆಕ್‌ಡೊನಾಲ್ಡ್ಸ್ 169 ಮಳಿಗೆಗಳ ಫ್ರಾಂಚೈಸಿ ಒಪ್ಪಂದವನ್ನು ರದ್ದು ಮಾಡಿತು. 2019ರ ಮೇ ತಿಂಗಳಲ್ಲಿ ಇಬ್ಬರೂ ನ್ಯಾಯಾಲಯದ ಹೊರಗೆ ರಾಜಿಯಾದರು. ಬಕ್ಷಿ ಅವರ ಪಾಲನ್ನು ಮೆಕ್‌ಡೊನಾಲ್ಡ್ಸ್ ಕೊಂಡಿತು.

ಹಲಗೆಯ ಮೇಲೆ ಕಾಲರೇಖೆ ಎಳೆದು ಎರಡು ಪ್ರಶ್ನೆ ಕೇಳಿ. ಸುಮಾರು ಆರು ವರ್ಷದ ನಂತರ ಬಂದ ಮುಕ್ತಾಯ ಯಾವ ಬಗೆಯದು? 43 ಮಳಿಗೆ ಮುಚ್ಚಿದಾಗ ತೊಂದರೆಗೊಳಗಾದವರಲ್ಲಿ ವಿವಾದದ ಪಕ್ಷಗಾರರಲ್ಲದವರು ಯಾರು? ಮಳಿಗೆಯ ಕೆಲಸಗಾರರು, ಸರಕು ಪೂರೈಸುವವರು ಎಂಬ ಉತ್ತರ ಬಂದರೆ ಪಾಠ ಮುಟ್ಟಿದೆ ಎಂದರ್ಥ. ಈ ಪ್ರಕರಣದ ಬಹುಭಾಗ ಸೆಕ್ಷನ್ 12ಎ ಬರುವುದಕ್ಕೆ ಮೊದಲಿನದು, ಜಂಟಿ ಕಂಪನಿಯ ಜಗಳವೂ ಅದರಲ್ಲಿ ಬೆರೆತಿತ್ತು ಎಂಬುದನ್ನೂ ತಿಳಿಸಬೇಕು.

ಮೌಲ್ಯಮಾಪನ (7 ನಿಮಿಷ)

1. ಕಂಪನಿಯು 50,400 ರೂಪಾಯಿ ಬಾಕಿಗೆ ಮಾತ್ರ ದಾವೆ ಹೂಡಿದರೆ ಸೆಕ್ಷನ್ 12ಎ ಅನ್ವಯವಾಗುತ್ತದೆಯೇ? ಮಳಿಗೆಯವರು 5,08,000 ರೂಪಾಯಿಗೆ ಹೂಡಿದರೆ? ಕಾರಣ ಕೊಡಿ.
2. ನೋಟಿಸಿನ ಗಡುವು 30 ದಿನ, ಮಧ್ಯಸ್ಥಿಕೆಗೆ 3 ತಿಂಗಳು. ಮಳಿಗೆಯವರು ಏನು ಮಾಡಬಹುದು?
3. ಮಧ್ಯಸ್ಥಿಕೆಯಲ್ಲಿ ಹೇಳಿದ ಮಾತು ಗೋಪ್ಯವಾಗಿರುವುದರಿಂದ ಆಗುವ ಉಪಯೋಗವೇನು?

ಮೊದಲ ಪ್ರಶ್ನೆಯ ಉತ್ತರ 3 ಲಕ್ಷದ ಗೆರೆಯಲ್ಲಿದೆ: ಮೊದಲ ದಾವೆ ಅದರ ಕೆಳಗೆ, ಎರಡನೆಯದು ಮೇಲೆ. ಎರಡನೆಯದಕ್ಕೆ ಎರಡು ಹಂತದ ಉತ್ತರ ನಿರೀಕ್ಷಿಸಿ: ನೋಟಿಸನ್ನು ತಡೆಹಿಡಿಯುವಂತೆ ಮೊದಲು ಬರವಣಿಗೆಯಲ್ಲಿ ಕೋರುವುದು, ಒಪ್ಪದಿದ್ದರೆ, ರದ್ದತಿಗೆ ತಡೆ ಕೇಳುವ ನಿಜವಾದ ತುರ್ತು ಇರುವುದರಿಂದ ನೇರವಾಗಿ ನ್ಯಾಯಾಲಯಕ್ಕೆ ಹೋಗುವುದು. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದರೆ ದಾರಿ ಬೇರೆ. ಆದರೂ ಅದಕ್ಕೆ ಮುಂಚೆ ಒಟ್ಟಿಗೆ ಕೂರಲು ಅಡ್ಡಿಯಿಲ್ಲ. ಮೂರನೆಯದರಲ್ಲಿ, ಬಿಚ್ಚಿ ಮಾತಾಡಿದ್ದು ಮುಂದೆ ತಮ್ಮ ವಿರುದ್ಧವೇ ಸಾಕ್ಷ್ಯವಾದೀತೆಂಬ ಭಯ ಇರುವುದಿಲ್ಲ ಎಂಬ ಅಂಶ ಬರಬೇಕು.

ಗೃಹಕಾರ್ಯ: ನಿಮ್ಮ ಊರಿನ ಯಾವುದಾದರೂ ಒಂದು ಬಗೆಯ ಫ್ರಾಂಚೈಸಿ ಮಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸಹಿ ಹಾಕುವ ಮುನ್ನ ಕಂಪನಿಗೆ ಕೇಳಬೇಕಾದ 6 ಪ್ರಶ್ನೆಗಳನ್ನು ಬರೆಯಿರಿ. ವ್ಯಾಪ್ತಿಯ ಅಳತೆ ಮತ್ತು ವಿವಾದ ಬಂದರೆ ಯಾವ ಊರಿನಲ್ಲಿ ಕೂರಬೇಕು ಎಂಬ ಎರಡು ಪ್ರಶ್ನೆ ಅದರಲ್ಲಿರಲಿ.

ಪ್ರಶಿಕ್ಷಣಾರ್ಥಿಗಳಿಗೆ ಕೊನೆಯ ಮಾತು

ಮಧ್ಯಸ್ಥಿಕೆಯ ಕೋಣೆಯಲ್ಲಿ ಇಬ್ಬರೂ ಸಮಾನರು ಎಂದು ಹೇಳಿ ಮುಗಿಸಬೇಡಿ. ಒಂದು ಕಡೆ ಕಾನೂನು ವಿಭಾಗವಿರುವ ಕಂಪನಿ, ಇನ್ನೊಂದು ಕಡೆ ಸಾಲ ಮಾಡಿ ಅಂಗಡಿ ಹಾಕಿದವರು. ಕಂಪನಿ ಬರೆದ ಒಪ್ಪಂದ, ಕಂಪನಿಯ ಊರಿನ ನ್ಯಾಯಾಲಯ, ಓದಲು ಕಷ್ಟವಾದ ಇಂಗ್ಲಿಷ್. ಈ ಅಸಮಾನತೆಯನ್ನು ಮಾತುಕತೆ ತಾನಾಗಿ ಸರಿಮಾಡುವುದಿಲ್ಲ. ಹಾಗಾಗಿ ಮಳಿಗೆಯವರು ವಕೀಲರೊಂದಿಗೆ ಬರಬಹುದು, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು, ಒಪ್ಪಿಗೆಯಾಗದ ರಾಜಿಗೆ ಸಹಿ ಹಾಕಬೇಕೆಂಬ ಒತ್ತಾಯ ಯಾರ ಮೇಲೂ ಇಲ್ಲ ಎಂಬ ಮೂರು ವಿಷಯಗಳನ್ನು ಹಲಗೆಯ ಸಾರಾಂಶದಲ್ಲಿ ತಪ್ಪದೆ ಸೇರಿಸಿ. ನಮ್ಮ ರಾಜ್ಯದಲ್ಲಿ ಹೈಕೋರ್ಟಿನ ಆಶ್ರಯದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಜಿಲ್ಲೆಗಳಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ. ಸಾಧ್ಯವಾದರೆ ಪಾಠದ ನಂತರ ಅಲ್ಲಿಂದ ಒಬ್ಬರನ್ನು ಕಾಲೇಜಿಗೆ ಕರೆಸಿ.

ವೀಕ್ಷಕ ಅಧ್ಯಾಪಕರು ಈ ಪಾಠವನ್ನು ನೋಡುವಾಗ ಒಂದು ಅಂಶಕ್ಕೆ ಹೆಚ್ಚು ಅಂಕ ಕೊಡಬಹುದು: ತರಗತಿಯು ‘ಯಾರು ಸರಿ’ ಎಂಬ ಪ್ರಶ್ನೆಯಿಂದ ‘ಹದಿಮೂರನೆಯ ತಿಂಗಳು ಏನಾಗುತ್ತದೆ’ ಎಂಬ ಪ್ರಶ್ನೆಗೆ ಯಾವಾಗ ದಾಟಿತು? ಮನೆಯಲ್ಲಿ ಅಪ್ಪನೋ ಅಕ್ಕನೋ ಒಪ್ಪಂದದ ಕಾಗದ ಹಿಡಿದು ಕೂತಾಗ, ಆ ಪ್ರಶ್ನೆ ಕೇಳಬಲ್ಲವರು ಒಬ್ಬರಾದರೂ ಪಕ್ಕದಲ್ಲಿದ್ದರೆ ಈ ಎರಡು ಅವಧಿಗಳು ಸಾರ್ಥಕ.